ಎಂಟಾಣೆ ಕಡ್ಡಿಪುಡಿ

ಅಪ್ಪನಿಗೆ ಕಡ್ಡಿಪುಡಿ ತಂದುಕೊಡುತ್ತಿದ್ದವನು ನಾನು. ಶಾಲೆಯಿಂದ ಬಂದು ಚೀಲ ಇಳಿಸುವಷ್ಟರಲ್ಲಿ ಎಂಟಾಣೆ ಕೈಗೆ ಬರುತ್ತಿತ್ತು, ಮೂಲೆ ಅಂಗಡಿಗೆ ಓಡುತ್ತಿದ್ದೆ. ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದೆಂಬ ಕಾಯ್ದೆ ಆದದ್ದು 2003ರಲ್ಲಿ. ಇದು 1994ರ ಮಾತು, ಚನ್ನಗಿರಿ ಸೀಮೆಯ ಅಡಿಕೆ ಊರು. ಬಂದವರ ಮುಂದೆ ಎಲೆತಟ್ಟೆ ಇಡದಿದ್ದರೆ ಅದೇ ಅವಮಾನ.

ಮೊದಲು ಅಪ್ಪನಿಗೆ ಖಾರ ತಾಳದಾಯಿತು. ಆಮೇಲೆ ತುತ್ತು ಹಿಡಿಯುವಷ್ಟೂ ಬಾಯಿ ತೆರೆಯದಾಯಿತು. ಉಷ್ಣ ಎಂದುಕೊಂಡು ಎಳನೀರು, ಮಜ್ಜಿಗೆಯಲ್ಲೇ ತಿಂಗಳುಗಳು ಕಳೆದವು. ಕೊನೆಗೆ ಅಮ್ಮ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಅಜ್ಜಿಯ ಜೊತೆ ಉಳಿದೆ. “ಬಾಯಿಹುಣ್ಣು ಕಣೋ, ಕರೆಂಟ್ ಕೊಡ್ತಾರೆ, ವಾಸಿಯಾಗುತ್ತೆ” ಅಂದರು. ಮನೆ ಮುಂದಿನ ಲೈಟುಕಂಬ ನೋಡಿದಾಗೆಲ್ಲ ನನಗೆ ಮೈ ನಡುಗುತ್ತಿತ್ತು.

ವಾಪಸ್ಸು ಬಂದ ಅಪ್ಪನ ಕೆನ್ನೆ, ಕುತ್ತಿಗೆ ಸುಟ್ಟಂತೆ ಕಪ್ಪಾಗಿದ್ದವು. ಮೂಗಿನಲ್ಲಿ ನಳಿಕೆ, ಅದರಲ್ಲೇ ಗಂಜಿ. ನಾನು ಹತ್ತಿರ ಹೋದರೆ ಗೋಡೆ ಕಡೆ ಹೊರಳುತ್ತಿದ್ದರು. ಒಂದು ಮಾತಿಲ್ಲ. ನನ್ನ ಮೇಲೆ ಸಿಟ್ಟು ಎಂದೇ ನಂಬಿದೆ. ಆ “ಕರೆಂಟ್” ಅಂದರೆ ವಿಕಿರಣ, ಅದರಿಂದ ಜೊಲ್ಲು ಬತ್ತುತ್ತದೆ, ಬಾಯೆಲ್ಲ ಹುಣ್ಣಾಗಿ ಒಂದು ಮಾತಾಡಿದರೂ ಪ್ರಾಣ ಹೋದಂತಾಗುತ್ತದೆ ಎಂಬುದು ತಿಳಿದದ್ದು ದೊಡ್ಡವನಾದ ಮೇಲೆ. ಬಾಯಿಯ ವಾಸನೆ ಮಗನಿಗೆ ತಾಗದಿರಲೆಂದೂ ಹೊರಳಿರಬಹುದು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಅಪ್ಪ ಹೋದಾಗ ನನಗೆ ಒಂಬತ್ತು. ಕ್ಯಾನ್ಸರ್ ಎಂಬ ಪದ ಮೊದಲು ಕೇಳಿದ್ದು ಹನ್ನೊಂದನೆಯ ದಿನ, ಊಟದ ಪಂಕ್ತಿಯಲ್ಲಿ. “ಕಡ್ಡಿಪುಡಿ ತಿಂದೇ ಹೋದ” ಎಂದರು ಯಾರೋ. ಆ ರಾತ್ರಿ ಎಷ್ಟು ಸಲ ಅಂಗಡಿಗೆ ಹೋಗಿದ್ದೆನೆಂದು ಎಣಿಸಲು ಕೂತೆ. ಲೆಕ್ಕ ಸಿಗಲಿಲ್ಲ, ಕೊಂದವನು ನಾನೇ ಎಂಬುದು ಮಾತ್ರ ಖಚಿತವಾಯಿತು.

“ಮಕ್ಕಳ ಮುಂದೆ ಬೇಡ” ಎಂದವರೆಲ್ಲ ಪ್ರೀತಿಯಿಂದಲೇ ಅಂದದ್ದು. ಆದರೆ ಹೇಳಬೇಕಿತ್ತು. ಕಾಯಿಲೆಯ ಹೆಸರು ಹೇಳಬೇಕಿತ್ತು, ಅಪ್ಪನನ್ನು ಮುಟ್ಟಿದರೆ ಅಂಟುವುದಿಲ್ಲ ಎನ್ನಬೇಕಿತ್ತು, ನಾನು ಕೇಳದಿದ್ದರೂ “ಇದು ನಿನ್ನಿಂದ ಆದದ್ದಲ್ಲ” ಎನ್ನಬೇಕಿತ್ತು. ಈಗ ನೆಂಟರಲ್ಲಿ ಯಾರ ಮನೆಗೆ ಈ ಕಾಯಿಲೆ ಬಂದರೂ ಮೊದಲು ಆ ಮನೆಯ ಮಕ್ಕಳ ಪಕ್ಕ ಹೋಗಿ ಕೂರುತ್ತೇನೆ.

ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಬಹಳ ವರ್ಷಗಳ ನಂತರ ಅದನ್ನು ಓದಿದ ದಿನ ಅಮ್ಮನ ಮುಂದೆ ಎಂಟಾಣೆಯ ಕತೆ ಬಾಯಿಬಿಟ್ಟೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ನೀನು ತರ್ತಿದ್ದೆ. ಅಡಿಕೆ ಕತ್ತರಿಸಿ, ಸುಣ್ಣ ಹಚ್ಚಿ ಎಲೆ ಮಡಚಿ ಕೊಡ್ತಿದ್ದವಳು ನಾನಲ್ವೇನೋ?”

ಒಂದೇ ಸೂರಿನಡಿ ಇಬ್ಬರೂ ಅದನ್ನೇ ಹೊತ್ತಿದ್ದೆವು. ಅವತ್ತು ರೊಟ್ಟಿ ಆಗಲಿಲ್ಲ. ಅಪ್ಪ ಬಯಲಾಟದಲ್ಲಿ ಭೀಮನ ಪಾತ್ರ ಮಾಡುತ್ತಿದ್ದುದನ್ನು ಅಮ್ಮ ಹೇಳತೊಡಗಿದಳು, ನಾನು ಕೇಳುತ್ತಾ ಕೂತೆ.