ಅಣು ಸ್ಥಾವರಗಳ ಸುರಕ್ಷತೆ ಮತ್ತು ಅಪಘಾತದ ಹೊಣೆ: ಕೈಗಾ

ಕೈಗಾ ಅಣು ವಿದ್ಯುತ್ ಸ್ಥಾವರ ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ ಕಾಳಿ ನದಿಯ ದಡದಲ್ಲಿದೆ. ಭಾರತೀಯ ಅಣು ವಿದ್ಯುತ್ ನಿಗಮ ನಡೆಸುವ ಇಲ್ಲಿನ ನಾಲ್ಕು ಘಟಕಗಳ ಸಾಮರ್ಥ್ಯ ತಲಾ 220, ಒಟ್ಟು 880 ಮೆಗಾವಾಟ್. ಇಂಧನ ನೈಸರ್ಗಿಕ ಯುರೇನಿಯಂ. ಮಂದಕ ಮತ್ತು ಶೀತಕ ಎರಡೂ ಭಾರಜಲ.

ಸುರಕ್ಷತೆ: 1983ರ ನವೆಂಬರ್ 15ರಂದು ಸ್ಥಾಪನೆಯಾದ, ಮುಂಬೈನಲ್ಲಿ ಕೇಂದ್ರ ಕಚೇರಿಯಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸುರಕ್ಷತೆಯ ಮೇಲ್ವಿಚಾರಣೆ ನಡೆಸುತ್ತದೆ. ಸರಪಳಿ ಕ್ರಿಯೆಯನ್ನು ತಕ್ಷಣ ನಿಲ್ಲಿಸಲು ಪ್ರತಿ ಘಟಕದಲ್ಲೂ ಪರಸ್ಪರ ಸ್ವತಂತ್ರವಾದ ಎರಡು ವ್ಯವಸ್ಥೆಗಳಿವೆ. ವಿಕಿರಣ ಹೊರಬಾರದಂತೆ ಕಾಂಕ್ರೀಟಿನ ಜೋಡಿ ಕವಚವಿದೆ.

ಘಟನೆಗಳು: 1994ರ ಮೇ 13ರಂದು, ನಿರ್ಮಾಣದ ಹಂತದಲ್ಲೇ, ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿಯಿತು. ಇಂಧನ ತುಂಬಿರದ ಕಾರಣ ವಿಕಿರಣ ಸೋರಿಕೆಯಾಗಲಿಲ್ಲ; ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂಯುಕ್ತ ಭಾರಜಲ ಬೆರೆತು, 50ಕ್ಕೂ ಹೆಚ್ಚು ನೌಕರರ ದೇಹದಲ್ಲಿ ಟ್ರಿಟಿಯಂ ಅಂಶ ಪತ್ತೆಯಾಯಿತು.

ಹೊಣೆ: 2010ರ ಪರಮಾಣು ಹಾನಿ ನಾಗರಿಕ ಹೊಣೆಗಾರಿಕೆ ಕಾಯ್ದೆಯು ಅಪಘಾತದ ಹೊಣೆಯನ್ನು ಸ್ಥಾವರ ನಡೆಸುವವರ ಮೇಲೆ ಹೊರಿಸಿತು. ಸಂತ್ರಸ್ತರು ಯಾರ ತಪ್ಪೆಂದು ಸಾಬೀತುಪಡಿಸಬೇಕಿರಲಿಲ್ಲ. ದೊಡ್ಡ ರಿಯಾಕ್ಟರ್‌ಗಳಿಗೆ ನಿರ್ವಾಹಕರ ಪರಿಹಾರದ ಮಿತಿ 1,500 ಕೋಟಿ ರೂಪಾಯಿ ಆಗಿತ್ತು. ಸೆಕ್ಷನ್ 17ರ ಪ್ರಕಾರ, ಉಪಕರಣದಲ್ಲಿ ದೋಷವಿದ್ದರೆ ಆ ಹಣವನ್ನು ಪೂರೈಕೆದಾರರಿಂದ ವಸೂಲಿ ಮಾಡಲು ನಿರ್ವಾಹಕರಿಗೆ ಹಕ್ಕಿತ್ತು. ವಿದೇಶಿ ಕಂಪನಿಗಳ ಆಕ್ಷೇಪಕ್ಕೆ ಕಾರಣವಾದದ್ದು ಇದೇ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಕಾನೂನು, 1962ರ ಪರಮಾಣು ಶಕ್ತಿ ಕಾಯ್ದೆ ಹಾಗೂ 2010ರ ಈ ಕಾಯ್ದೆ ಎರಡರ ಬದಲಿಗೆ ರೂಪುಗೊಂಡಿದೆ.