ಹಾಲುಗಲ್ಲು ಮತ್ತು ಅಂತರ್ಮುಖ ದೃಷ್ಟಿ

ಕಣ್ಣು ಜಗತ್ತನ್ನೆಲ್ಲ ಕಾಣಬಲ್ಲದು. ತನ್ನನ್ನು ತಾನು ಕಾಣಲಾರದು. ತನ್ನ ಮುಖವನ್ನು ನೋಡಿಕೊಳ್ಳಬೇಕೆಂಬವನಿಗೆ ಕನ್ನಡಿ ಬೇಕು. ಮುಖದ ಕನ್ನಡಿ ಸಂತೆಯಲ್ಲಿ ದೊರೆಯುವುದು. ಮನಸ್ಸಿನ ಕನ್ನಡಿ ಎಲ್ಲಿ ದೊರೆಯುವುದು? ಸದ್ಗ್ರಂಥಗಳ ಅಧ್ಯಯನ, ಅನುಭಾವಿಗಳ ಸಂಗ, ಮೌನ ಎಂದು ಹಿರಿಯರು ಹೇಳುತ್ತ ಬಂದಿರುವರು. ಕಲೆಯೂ ಅಂತಹ ಒಂದು ಕನ್ನಡಿಯಾಗಬಲ್ಲದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ. ಇದಕ್ಕೆ ದೃಷ್ಟಾಂತವಾಗಿ ಜರ್ಮನಿ ದೇಶದ ಕಲಾವಿದರಾದ ವೋಲ್ಫ್‌ಗಾಂಗ್ ಲೈಬ್ ಎಂಬವರ ಕೃತಿಗಳನ್ನು ತೆಗೆದುಕೊಂಡಿದ್ದೇನೆ. ಅವರು ಕಲ್ಲಿಗೆ ಹಾಲೆರೆದವರು. ಆದಕಾರಣ ಅವರ ವಿಷಯವು ನಮ್ಮ ಓದುಗರಿಗೆ ತೀರ ಪರಕೀಯವೆನಿಸಲಾರದು.

ಮೊದಲು ಈ ಕಲಾಪಂಥದ ವಿಷಯ ಎರಡು ಮಾತು. ಕಲೆಯೆಂದರೆ ಕೈಚಳಕ, ಅಂದವಾದ ವಸ್ತುವಿನ ನಿರ್ಮಾಣ ಎಂಬುದು ಸಾಮಾನ್ಯರ ಭಾವನೆ. ಕಳೆದ ಶತಮಾನದಲ್ಲಿ ಪಾಶ್ಚಾತ್ಯ ಕಲಾವಿದರು ಕೆಲವರು ಈ ಭಾವನೆಯನ್ನೇ ಪ್ರಶ್ನಿಸಿದರು. 1917ರಲ್ಲಿ ಮಾರ್ಸೆಲ್ ದ್ಯುಶಾಂ ಎಂಬವರು ಶೌಚಗೃಹದಲ್ಲಿ ಬಳಸುವ ಪಿಂಗಾಣಿ ಪಾತ್ರೆಯೊಂದನ್ನು ನ್ಯೂಯಾರ್ಕ್ ನಗರದ ಕಲಾಪ್ರದರ್ಶನಕ್ಕೆ ಕಳುಹಿಸಿ, ಕಲೆಯೆಂದರೇನು ಎಂಬ ಪ್ರಶ್ನೆಯನ್ನೇ ಕಲೆಯಾಗಿ ಮುಂದಿಟ್ಟರು. ಅರ್ಧ ಶತಮಾನದ ಬಳಿಕ, 1967ರಲ್ಲಿ, ಸೋಲ್ ಲೆವಿಟ್ ಎಂಬ ಅಮೆರಿಕದ ಕಲಾವಿದರು ಒಂದು ಪ್ರಬಂಧವನ್ನು ಬರೆದು, ಕೃತಿಯಲ್ಲಿ ಪ್ರಧಾನವಾದುದು ಅದರ ಹಿಂದಿರುವ ಭಾವನೆಯೇ, ತಯಾರಿಕೆಯು ಗೌಣವೆಂದು ಪ್ರತಿಪಾದಿಸಿದರು. ಇದನ್ನು ಕನ್ನಡದಲ್ಲಿ ಪರಿಕಲ್ಪನಾ ಕಲೆ ಎನ್ನುವರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕಣ್ಣಿಗೆ ಕಾಣುವ ವಸ್ತು ಕುರುಹು. ಅದರಿಂದ ನೋಡುವವನಲ್ಲಿ ಎಚ್ಚರಗೊಳ್ಳಬೇಕಾದುದು ಅರಿವು. ಕುರುಹಿನಲ್ಲೇ ನಿಂತವನಿಗೆ ಕೃತಿಯು ಪೂರ್ತಿಯಾಗದು.

ಲೈಬ್ ಅವರು ಈ ಪಂಥದ ಕಟ್ಟಳೆಗಳಿಗೆ ಸಂಪೂರ್ಣವಾಗಿ ಒಳಪಟ್ಟವರಲ್ಲ. ಆದರೂ ಅದೇ ದಾರಿಯ ಪಕ್ಕದಲ್ಲಿ ನಡೆದವರು. 1950ರಲ್ಲಿ ಮೆಟ್ಸಿಂಗೆನ್ ಎಂಬ ಊರಿನಲ್ಲಿ ವೈದ್ಯರ ಮಗನಾಗಿ ಹುಟ್ಟಿದ ಅವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನೇ ಓದಿದರು. ಆಗ ಅವರು ಸಿದ್ಧಪಡಿಸಿದ ಪ್ರಬಂಧದ ವಿಷಯ ದಕ್ಷಿಣ ಭಾರತದ ಕುಡಿಯುವ ನೀರಿನ ನೈರ್ಮಲ್ಯ. ಅದಕ್ಕಾಗಿ ನಮ್ಮ ನೆರೆಯ ತಮಿಳುನಾಡಿನ ಹಳ್ಳಿಗಳನ್ನು ಕಂಡು ಬಂದರು. 1972ರಲ್ಲಿ, ಓದು ಇನ್ನೂ ಮುಗಿಯುವ ಮೊದಲೇ, ಒಂದು ಕರಿಯ ಬಂಡೆಯನ್ನು ತಿಕ್ಕಿ ತಿಕ್ಕಿ ಅಂಡಾಕಾರಕ್ಕೆ ತಂದು, ಅದಕ್ಕೆ ‘ಬ್ರಹ್ಮಾಂಡ’ ಎಂಬ ಸಂಸ್ಕೃತ ನಾಮವನ್ನೇ ಇಟ್ಟರು. 1974ರಲ್ಲಿ ವೈದ್ಯ ಪದವಿಯನ್ನು ಪಡೆದರು. ಆದರೆ ವೈದ್ಯವೃತ್ತಿಯನ್ನು ಹಿಡಿಯಲಿಲ್ಲ. ದೇಹವನ್ನು ಮಾತ್ರ ಕಾಣುವ ಶಾಸ್ತ್ರವು ಮನುಷ್ಯನನ್ನು ಪೂರ್ತಿಯಾಗಿ ಕಾಣಲಾರದೆಂಬುದು ಅವರ ಅನಿಸಿಕೆ. ವೈದ್ಯನಾಗಿ ಮಾಡಬೇಕೆಂದಿದ್ದ ಕೆಲಸವನ್ನೇ ತಾವು ಬೇರೆ ಸಾಮಗ್ರಿಗಳಿಂದ ಮಾಡುತ್ತಿರುವುದಾಗಿ ಅವರು ಭಾವಿಸಿದರು.

ಆ ಸಾಮಗ್ರಿಗಳಲ್ಲಿ ಮೊದಲನೆಯದು ಹಾಲು. 1975ರಲ್ಲಿ ಅವರು ‘ಹಾಲುಗಲ್ಲು’ ಎಂಬ ಕೃತಿಯನ್ನು ರಚಿಸಿದರು. ಇದು ನೆಲದ ಮೇಲಿಟ್ಟ ಚಪ್ಪಟೆಯಾದ ಬಿಳಿಯ ಅಮೃತಶಿಲೆಯ ಹಲಗೆ. ಅಂಚನ್ನು ಮಾತ್ರ ಉಳಿಸಿ, ಮೇಲ್ಮೈಯನ್ನು ಕೆಲವೇ ಮಿಲಿಮೀಟರುಗಳಷ್ಟು ಆಳಕ್ಕೆ ಸವೆಸಿದ್ದಾರೆ. ಆ ತಗ್ಗಿನಲ್ಲಿ ಅಂಚಿನವರೆಗೂ ಹಾಲನ್ನು ತುಂಬುವರು. ಆಗ ಕಲ್ಲಾವುದು, ಹಾಲಾವುದು ಎಂದು ಕಣ್ಣು ತಿಳಿಯಲಾರದು. ಯುಗಯುಗಗಳಿಂದ ನಿಂತ ಶಿಲೆಯೂ ಸಂಜೆಗೆ ಹುಳಿಯುವ ಹಾಲೂ ಒಂದೇ ಬಿಳುಪಾಗಿ ತೋರುವುವು. ಸ್ಥಿರವೂ ಅಸ್ಥಿರವೂ ಒಂದೇ ಮೈಯಲ್ಲಿ ಕೂಡಿದಂತೆ! ಹಾಲು ಕೆಡುವುದರಿಂದ ದಿನದ ಕೊನೆಗೆ ಅದನ್ನು ತೆಗೆದು, ಕಲ್ಲನ್ನು ತೊಳೆದು, ಮರುದಿನ ಬೆಳಗ್ಗೆ ಹೊಸ ಹಾಲನ್ನು ಎರೆಯಬೇಕು. ಮೊದಲ ಬಾರಿಗೆ ಕಲಾವಿದರು ತಾವೇ ಎರೆಯುವರು. ಅನಂತರ ಕೃತಿಯನ್ನು ಇಟ್ಟುಕೊಂಡವರೇ ಪ್ರತಿದಿನವೂ ಎರೆಯಬೇಕು. ಎರೆಯದ ದಿನ ಅದು ಬರಿಯ ಕಲ್ಲು. ಚಿತ್ರವನ್ನು ಕೊಂಡವನು ಗೋಡೆಗೆ ತೂಗುಹಾಕಿ ಮರೆತುಬಿಡಬಹುದು. ಹಾಲುಗಲ್ಲನ್ನು ಕೊಂಡವನು ಮರೆಯುವಂತಿಲ್ಲ. ಅವನು ಕೊಂಡದ್ದು ಒಂದು ನಿತ್ಯದ ನೇಮವನ್ನು.

ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳಿಗೆ ನಾನು ಈ ಕೃತಿಯ ಛಾಯಾಚಿತ್ರವನ್ನು ತೋರಿಸಿದಾಗ ಒಬ್ಬ ಹುಡುಗನು ಎದ್ದು, “ಗುರುಗಳೇ, ಇದರಲ್ಲಿ ನೋಡುವುದಕ್ಕೆ ಏನಿದೆ?” ಎಂದು ಕೇಳಿದನು. ಏನೂ ಇಲ್ಲವೆಂದೇ ಉತ್ತರ ಕೊಟ್ಟೆನು. ನೋಡತಕ್ಕ ಕಥೆಯಿಲ್ಲ, ಬಣ್ಣವಿಲ್ಲ, ರೂಪವಿಲ್ಲ. ಹೊರಗೆ ಹಿಡಿದುಕೊಳ್ಳಲು ಏನೂ ಸಿಗದಾಗ ದೃಷ್ಟಿಯು ಸ್ವಲ್ಪ ಹೊತ್ತು ಚಡಪಡಿಸಿ, ಬಳಿಕ ಬಂದ ದಾರಿಯಲ್ಲೇ ಹಿಂದಿರುಗುವುದು. ನಾನೇಕೆ ಇಷ್ಟು ಬೇಗ ಬೇಸರಗೊಂಡೆ, ನಾನು ಏನನ್ನು ನಿರೀಕ್ಷಿಸಿ ಬಂದಿದ್ದೆ ಎಂಬ ಪ್ರಶ್ನೆಗಳು ಅಲ್ಲಿಂದ ಹುಟ್ಟುವುವು. ಅಂತರ್ಮುಖತೆಯೆಂಬುದು ಇದೇ. ಕಲೆಯು ಅದನ್ನು ಬಲಾತ್ಕಾರದಿಂದ ಮಾಡಿಸಲಾರದು, ಕರೆಯಬಹುದಷ್ಟೆ. ಹೋಗುವುದೂ ಬಿಡುವುದೂ ಕರೆಸಿಕೊಂಡವನಿಗೆ ಸೇರಿದ್ದು.

ಆದರೆ ಅದೇ ಹುಡುಗನು ಇನ್ನೊಂದು ಪ್ರಶ್ನೆಯನ್ನೂ ಕೇಳಿದನು: “ಹಸಿದವರಿರುವಾಗ ಕಲ್ಲಿಗೆ ಹಾಲೆರೆಯುವುದು ಸರಿಯೇ?” ಇದು ಹಗುರವಾದ ಪ್ರಶ್ನೆಯಲ್ಲ. ಶಿಲೆಯ ನಾಗರನಿಗೆ ಹಾಲೆರೆದು, ಜೀವವುಳ್ಳ ಹಾವನ್ನು ಕೊಲ್ಲೆನ್ನುವ, ಉಣ್ಣಬಲ್ಲ ಜಂಗಮನನ್ನು ನಡೆಯೆನ್ನುವವರ ವಿಪರೀತವನ್ನು ಬಸವಣ್ಣನವರು ಎತ್ತಿ ತೋರಿಸಿದ್ದು ನಮ್ಮ ಓದುಗರೆಲ್ಲರಿಗೂ ತಿಳಿದಿದೆ. ಆ ಮಾತಿನ ಮುಂದೆ ಹಾಲುಗಲ್ಲು ನಿಲ್ಲಬಲ್ಲದೆ? ನಾನು ಬಹಳ ದಿನ ಯೋಚಿಸಿದೆನು. ಶರಣರು ಖಂಡಿಸಿದ್ದು ಫಲದ ಆಸೆಯಿಂದಲೂ ಭಯದಿಂದಲೂ ಎರೆದು, ಎದುರಿಗಿರುವ ಜೀವವನ್ನು ಕಾಣದೆ ಹೋಗುವ ಕುರುಡುತನವನ್ನು. ಲೈಬ್ ಅವರ ಕಲ್ಲು ಪುಣ್ಯವನ್ನು ಕೊಡುವುದಾಗಿ ಹೇಳುವುದಿಲ್ಲ, ವರವನ್ನೂ ಕೊಡದು; ಎರೆಯುವವನ ಕಣ್ಣನ್ನು ತೆರೆಯಬೇಕೆಂಬುದೊಂದೇ ಅದರ ಉದ್ದೇಶ. ಇಷ್ಟಾದರೂ ಹುಡುಗನ ಪ್ರಶ್ನೆಯು ಪೂರ್ತಿಯಾಗಿ ತೀರಿತೆಂದು ಹೇಳಲಾರೆ. ಕಣ್ಣು ತೆರೆದವನು ಹಸಿದವನನ್ನು ಕಾಣದೆ ಮುಂದೆ ನಡೆದರೆ ಆ ಹಾಲು ವ್ಯರ್ಥವೇ ಸರಿ. ಹಾಲು ಸಾರ್ಥಕವಾಯಿತೋ ಇಲ್ಲವೋ ಎಂಬುದು ಪ್ರದರ್ಶನಶಾಲೆಯ ಬಾಗಿಲಿನ ಹೊರಗೆ ತೀರ್ಮಾನವಾಗುವ ವಿಷಯ.

ಅವರ ಎರಡನೆಯ ಸಾಮಗ್ರಿ ಹೂವಿನ ಪರಾಗ. 1977ರಿಂದ ಅವರು ತಮ್ಮ ಹಳ್ಳಿಯ ಸುತ್ತಣ ಹೊಲ ಕಾಡುಗಳಲ್ಲಿ ತಿರುಗಿ ಪರಾಗವನ್ನು ಕೈಯಿಂದಲೇ ಸಂಗ್ರಹಿಸತೊಡಗಿದರು. ಚಳಿಗಾಲ ಮುಗಿಯುತ್ತಲೇ ಹೇಜಲ್ ಗಿಡ, ಬಳಿಕ ನೆಲದ ಡ್ಯಾಂಡೆಲಿಯನ್ ಹೂವು, ಮುಂದೆ ಪೈನ್ ಮರ, ಹೀಗೆ ಋತುವಿನ ಕ್ರಮವನ್ನು ಅನುಸರಿಸಿ ಸಂಗ್ರಹವು ನಡೆಯುವುದು. ತಿಂಗಳುಗಟ್ಟಲೆ ದುಡಿದರೆ ದೊರೆಯುವುದು ಕೆಲವೇ ಸೀಸೆಗಳು. ಇದನ್ನು ಸಣ್ಣ ಜರಡಿಯಿಂದ ನೆಲದ ಮೇಲೆ ಉದುರಿಸಿ, ಹೊಳೆಯುವ ಹಳದಿಯ ಚೌಕವನ್ನು ಮಾಡುವರು. 1984ರಲ್ಲಿ ಅವರು ಮಾಡಿದ ಕೃತಿಯೊಂದು ಪರಾಗದ ಐದು ಪುಟ್ಟ ರಾಶಿಗಳು. ಗೇಣುದ್ದವೂ ಎತ್ತರವಿಲ್ಲದ ಅವುಗಳಿಗೆ ‘ಏರಬಾರದ ಐದು ಬೆಟ್ಟಗಳು’ ಎಂಬ ಅರ್ಥದ ಹೆಸರನ್ನಿಟ್ಟರು. 2013ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಸುಮಾರು 18 ಅಡಿ ಅಗಲ, 21 ಅಡಿ ಉದ್ದದ ಪರಾಗಕ್ಷೇತ್ರವನ್ನು ಹರಡಿದರು. ಅದಕ್ಕೆ ಬೇಕಾದ ಹೇಜಲ್ ಪರಾಗವು ಹದಿನೈದು ವರ್ಷಗಳಿಗೂ ಮೀರಿದ ಸಂಗ್ರಹವಾಗಿತ್ತು. ಪ್ರದರ್ಶನ ಮುಗಿದ ಮೇಲೆ ಪರಾಗವನ್ನು ಕೂಡಿಸಿ, ಸೋಸಿ, ಮತ್ತೆ ಸೀಸೆಗಳಲ್ಲಿ ತುಂಬಿಡುವುದು ಅವರ ಪದ್ಧತಿ.

ಪರಾಗದ ಸೌಂದರ್ಯವನ್ನು ತಾವು ಸೃಷ್ಟಿಸಿದವರಲ್ಲ, ಅದರಲ್ಲಿ ಪಾಲ್ಗೊಂಡವರು ಮಾತ್ರ ಎಂಬುದು ಲೈಬ್ ಅವರ ನಿಲುವು. ಇಲ್ಲಿ ಓದುಗರು ಸೂಕ್ಷ್ಮವಾಗಿ ಗಮನಿಸತಕ್ಕ ಒಂದಂಶವಿದೆ. ತಯಾರಿಕೆಯು ಗೌಣವೆಂದು ಲೆವಿಟ್ ಹೇಳಿದರಷ್ಟೆ. ಲೈಬ್ ಅವರಲ್ಲಿಯಾದರೋ ಭಾವನೆಯು ಕೆಲಸದಿಂದ ಬೇರೆಯಾಗಿ ನಿಲ್ಲದು. ಹೂವಿನಿಂದ ಹೂವಿಗೆ ಬಾಗುತ್ತ ಕಳೆದ ಆ ಬೆಳಗುಗಳೇ ಅವರ ತತ್ತ್ವಜ್ಞಾನ. ನಾವು ಕಾಯಕವೆಂದು ಕರೆಯುವುದರ ಹೆಸರನ್ನು ಅವರು ಬಳಸಿಲ್ಲ. ಆದರೆ ದುಡಿಮೆಯಲ್ಲಿ ‘ನಾನು’ ಎಂಬುದು ಹಿಂದೆ ಸರಿಯಬೇಕೆಂಬ ಮಾತು ಇಬ್ಬರಿಗೂ ಸಮಾನವಾದುದು.

ಈ ವಿಷಯವನ್ನು ಬರೆಯುತ್ತಿರುವಾಗ ನನಗೆ ನನ್ನ ನಿತ್ಯದ ಪೂಜೆಯೇ ಎದುರಿಗೆ ಬಂದು ನಿಂತಿತು. ಮುಚ್ಚುಮರೆ ಏತಕ್ಕೆ? ಎಷ್ಟೋ ಬೆಳಗುಗಳಲ್ಲಿ ಲಿಂಗವು ಕರಸ್ಥಲದಲ್ಲಿರುವುದು, ಕೈ ನೀರೆರೆಯುತ್ತಿರುವುದು. ಮನಸ್ಸು ಮಾತ್ರ ಶಾಲೆಯ ಲೆಕ್ಕಪತ್ರದಲ್ಲೋ ನಿನ್ನೆಯ ಜಗಳದಲ್ಲೋ ಅಲೆಯುತ್ತಿರುವುದು. ಮೂವತ್ತು ವರ್ಷ ವಚನಗಳನ್ನು ಬೋಧಿಸಿದವನ ಸ್ಥಿತಿಯಿದು. ವಿದೇಶದ ಒಂದು ಸಭಾಂಗಣದಲ್ಲಿ ಸಂಬಳಕ್ಕಾಗಿ ದುಡಿಯುವ ಸೇವಕನೊಬ್ಬನು, ಒಂದು ಹನಿಯೂ ಅಂಚನ್ನು ದಾಟದಂತೆ ಉಸಿರು ಬಿಗಿಹಿಡಿದು ಕಲ್ಲಿಗೆ ಹಾಲು ತುಂಬುವ ದೃಶ್ಯವನ್ನು ಕಲ್ಪಿಸಿಕೊಂಡಾಗ ನನಗೆ ನಾಚಿಕೆಯಾಯಿತು. ಅವನಿಗಿರುವಷ್ಟು ಗಮನವು ನನಗೆ ಇರಲಿಲ್ಲ. ಮರುದಿನ ಬೆಳಗ್ಗೆ ನಾನು ಹೆಚ್ಚಿನದೇನನ್ನೂ ಮಾಡಲಿಲ್ಲ. ನೀರನ್ನು ನಿಧಾನವಾಗಿ ಎರೆದೆನು, ಅದು ಬೀಳುವುದನ್ನು ನೋಡಿದೆನು. ಅಂದಿನ ಪೂಜೆ ಹಳೆಯದಾಗಿರಲಿಲ್ಲ.

ಆದುದರಿಂದ ಸದ್ಭಕ್ತರಾದ ಗೃಹಸ್ಥರಲ್ಲಿ ಒಂದು ವಿನಂತಿ. ಹಾಲುಗಲ್ಲನ್ನು ನೋಡಲು ನಾವು ದೂರದೇಶಕ್ಕೆ ಹೋಗಬೇಕಾಗಿಲ್ಲ. ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುವಾಗ, ರಂಗೋಲಿಯ ಎಳೆ ಎಳೆಯುವಾಗ, ಮಗುವಿನ ಬಟ್ಟಲಿಗೆ ಹಾಲು ಬಗ್ಗಿಸುವಾಗ ಒಂದು ಕ್ಷಣ ನಿಂತು, ಇದನ್ನು ಮಾಡುತ್ತಿರುವವನು ಎಲ್ಲಿದ್ದಾನೆಂದು ತನ್ನನ್ನೇ ಕೇಳಿಕೊಂಡರೆ ಸಾಕು. ರಂಗೋಲಿಯು ಸಂಜೆಗೆ ಅಳಿಸುವುದು, ಹಾಲು ಹುಳಿಯುವುದು, ನಾಳೆ ಮತ್ತೆ ಮೊದಲಿನಿಂದ ಮಾಡಬೇಕಾಗುವುದು. ಇದನ್ನು ದುಃಖವೆಂದು ಎಣಿಸಬೇಕಾಗಿಲ್ಲ. ನಿನ್ನೆ ಮೈಮರೆತವನಿಗೆ ಇಂದು ಎಚ್ಚರಗೊಳ್ಳಲು ಇನ್ನೊಂದು ಬೆಳಗು ದೊರೆಯುವುದು ಇದರಿಂದಲೇ.