ಮುಂದಾಳಿನ ಶಿಸ್ತು

ಸೈನ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸೇನಾಪತಿಯ ಚಿತ್ರ. ಆದರೆ ಸೇನಾಪತಿಯ ಆಜ್ಞೆಯನ್ನು ರಣರಂಗದಲ್ಲಿ ಕಾರ್ಯರೂಪಕ್ಕೆ ತರುವವರು ಕಿರಿಯ ನಾಯಕರು. ಕಾಲಾಳುಪಡೆಯಲ್ಲಿ ಸುಮಾರು ಹತ್ತು ಮಂದಿ ಯೋಧರ ಗುಂಪಿಗೆ ಸೆಕ್ಷನ್ ಎಂದು ಹೆಸರು. ಅಂಥ ಮೂರು ಸೆಕ್ಷನ್‌ಗಳು ಕೂಡಿದರೆ ಒಂದು ಪ್ಲಟೂನ್. ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ಮೊದಲಾದವರು ಈ ಚಿಕ್ಕ ಪಡೆಗಳ ಮುಂದಾಳುಗಳು. ಇವರಲ್ಲಿ ಅನೇಕರು ಹಳ್ಳಿಗಾಡಿನ ರೈತರ ಮಕ್ಕಳು.

ಶಿಸ್ತು ಎಂದರೇನು? ದಂಡನೆಗೆ ಅಂಜಿ ನಡೆಯುವುದೇ ಶಿಸ್ತೆಂದು ಕೆಲವರು ಭಾವಿಸುವರು. ಅಂಜಿಕೆಯಿಂದ ಹುಟ್ಟಿದ ಶಿಸ್ತು ದಂಡಿಸುವವನು ಮರೆಯಾದೊಡನೆ ತಾನೂ ಮರೆಯಾಗುತ್ತದೆ. ತನ್ನ ಕರ್ತವ್ಯವನ್ನು ಅರಿತು, ನೋಡುವವರು ಇಲ್ಲದಾಗಲೂ ಅದರಂತೆ ನಡೆಯುವುದೇ ನಿಜವಾದ ಶಿಸ್ತು. ಅದು ಕುರುಡು ವಿಧೇಯತೆಯೂ ಅಲ್ಲ. 1950ರ ಸೇನಾ ಕಾಯಿದೆಯು ಯೋಧನಿಂದ ಬಯಸುವುದು ನ್ಯಾಯಸಮ್ಮತವಾದ ಆಜ್ಞೆಯ ಪಾಲನೆಯನ್ನು. ಆದ್ದರಿಂದ ಆಜ್ಞೆ ಕೊಡುವವನೂ ನ್ಯಾಯಕ್ಕೆ ಬದ್ಧನು.

ಕಿರಿಯ ನಾಯಕನು ತನ್ನವರೊಡನೆಯೇ ಉಣ್ಣುವನು, ಮಲಗುವನು, ನಡೆಯುವನು. ಅವನ ದೋಷಗಳು ಅವರ ಕಣ್ಣಿಗೆ ಮರೆಯಾಗಲಾರವು. ತನ್ನ ಬಂದೂಕನ್ನು ಶುಚಿಯಾಗಿಡದವನು ಇತರರಿಗೆ ಶುಚಿತ್ವವನ್ನು ಬೋಧಿಸಿದರೆ ಕೇಳುವವರಾರು? ದೀರ್ಘ ನಡಿಗೆಯ ಬಳಿಕ ತನ್ನವರ ಕಾಲಿನ ಬೊಕ್ಕೆಗಳನ್ನು ನೋಡಿ, ಅವರೆಲ್ಲರೂ ಉಂಡರೆಂದು ತಿಳಿದ ಮೇಲೆ ತಾನು ಉಣ್ಣುವುದು ಅವನ ಧರ್ಮ.

ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನಲ್ಲಿ ಲ್ಯಾನ್ಸ್ ನಾಯಕರಾಗಿದ್ದರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳನ್ನು ಅವರು ಕಠಿಣವಾದ ನೆಲೆಗಳಲ್ಲಿಯೇ ಕಳೆದರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಅವರನ್ನು ಹುಡುಕಹೊರಟವರು ಆಸೆಯನ್ನು ಬಿಡದೆ ಹಗಲಿರುಳು ಹಿಮವನ್ನು ಅಗೆದರು. 8ರಂದು ಹನುಮಂತಪ್ಪನವರು ಜೀವಂತವಾಗಿ ದೊರೆತರಾದರೂ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕಠಿಣವಾದ ಕೆಲಸಕ್ಕೆ ಹೆಗಲು ಕೊಡುವುದು, ಜೊತೆಗಾರನನ್ನು ಕೈಬಿಡದಿರುವುದು, ಇವೆರಡೂ ಶಿಸ್ತಿನ ಫಲಗಳೇ.

ಕಿರಿಯನಾಗಿ ಕಲಿತ ಪಾಠವನ್ನು ಹಿರಿಯನಾದ ಮೇಲೂ ಮರೆಯಬಾರದು. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಯ ಮೇಲೆ ಟ್ಯಾಂಕುಗಳು ನುಗ್ಗಿದಾಗ, ಕೊಡಗಿನ ವೀರ ಮೇಜರ್ ಜನರಲ್ ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. 1965ರ ಯುದ್ಧದಲ್ಲಿ ಮಗನು ಪಾಕಿಸ್ತಾನದ ಸೆರೆಯಾಳಾದಾಗ, ಜನರಲ್ ಕಾರ್ಯಪ್ಪನವರು ಅವನೊಬ್ಬನಿಗೆ ವಿಶೇಷ ಸೌಕರ್ಯವನ್ನು ಬಯಸಲಿಲ್ಲ. ಸೆರೆಯಲ್ಲಿದ್ದ ಯೋಧರೆಲ್ಲರೂ ಅವರಿಗೆ ಮಕ್ಕಳೇ ಆಗಿದ್ದರು.

ಈ ಗುಣಗಳು ರಣರಂಗಕ್ಕೆ ಮಾತ್ರ ಮೀಸಲಲ್ಲ. ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ನೆಲವನ್ನು ತೋಯಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಈ ನದಿ ಉಕ್ಕಿ, ದಂಡೆಯ ಹಲವು ಹಳ್ಳಿಗಳು ಜಲಾವೃತವಾದವು. ಇಂಥ ವೇಳೆಯಲ್ಲಿ ದೋಣಿ ಬಂದರೆ ಮೊದಲು ಏರಬೇಕಾದವರು ವೃದ್ಧರು, ರೋಗಿಗಳು, ಮಕ್ಕಳು. ಎಲ್ಲರೂ ಒಮ್ಮೆಗೇ ನುಗ್ಗಿದರೆ ದೋಣಿಯೇ ಮಗುಚೀತು. ಜನರಿಗೆ ಧೈರ್ಯ ಹೇಳಿ, ಸಾಲಾಗಿ ನಿಲ್ಲಿಸಿ, ತಾನು ಕೊನೆಯವನಾಗಿ ಏರುವವನೇ ಮುಂದಾಳು. ಅವನ ತೋಳಿನ ಮೇಲೆ ದರ್ಜೆಯ ಪಟ್ಟಿ ಇರಲೇಬೇಕೆಂದಿಲ್ಲ.

1948ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ. ಸಂಸ್ಥೆಯ ಧ್ಯೇಯವಾಕ್ಯವು ಏಕತೆ ಮತ್ತು ಶಿಸ್ತು. ನಿಮ್ಮ ಶಾಲೆಯಲ್ಲಿ ಅದರ ಪಡೆಯಿದ್ದರೆ ಸೇರಿರಿ. ಇಲ್ಲವಾದರೆ ವೇಳೆಗೆ ಸರಿಯಾಗಿ ಬರುವುದು, ಒಪ್ಪಿಕೊಂಡ ಕೆಲಸವನ್ನು ಮುಗಿಸುವುದು, ಹಿಂದುಳಿದ ಸಹಪಾಠಿಯ ಕೈಹಿಡಿಯುವುದು, ಇವುಗಳಿಂದಲೇ ಆರಂಭಿಸಿರಿ. ತನ್ನನ್ನು ತಾನು ಆಳಬಲ್ಲವನೇ ಹತ್ತು ಮಂದಿಯನ್ನು ನಡೆಸಬಲ್ಲನು.